ನೀರಜ್ಜಿಯ ಹಠ

ಫ್ರಿಜ್ಜಿನ ನೀರು ನನ್ನ ಗಂಟಲಿಗೆ ಆಗುವುದಿಲ್ಲವೆಂದು ಮೊನ್ನೆ ಸೊಸೆ ಸಂತೆಯಿಂದ ಒಂದು ಮಣ್ಣಿನ ಗಡಿಗೆ ತಂದು, ಅಡಿಗೆಮನೆಯ ಮೂಲೆಯಲ್ಲಿ ಮರಳು ಹಾಸಿ ಕೂರಿಸಿದಳು. ಸಂಜೆ ಮುಚ್ಚಳ ತೆಗೆದೆ. ಹಸಿಮಣ್ಣಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೋಪ ಬಂತು. ಹೊಸ ಗಡಿಗೆಯ ವಾಸನೆಗೆ ಯಾರಾದರೂ ಕೋಪ ಮಾಡಿಕೊಳ್ಳುತ್ತಾರೆಯೇ? ನನಗೆ ಬಂತು, ಏನು ಮಾಡಲಿ. ಐವತ್ತು ವರ್ಷಕ್ಕೂ ಹಳೆಯ ಕೋಪ. ಯಾರ ಮೇಲೆ ಕೋಪವೋ ಆಕೆ ಸತ್ತು ಎಷ್ಟೋ ಕಾಲವಾಯಿತು. ಆದರೂ ಒಂದು ಲೋಟ ನೀರು ಬಗ್ಗಿಸಿಕೊಳ್ಳುವಷ್ಟರಲ್ಲಿ ಆಕೆ ಎದುರಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟಳು...

ಆಗ ನನಗೆ ಇಪ್ಪತ್ತೊಂದು ವಯಸ್ಸು. ಅರಕಲಗೂಡಿನ ಕಡೆಯ ಒಕ್ಕಲು ಮನೆಯ ಹುಡುಗಿ. ಹಾಸನದಲ್ಲಿ ಟ್ರೈನಿಂಗ್ ಮುಗಿಸಿ, ಹೊಳೆನರಸೀಪುರದ ಒಂದು ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಸೇರಿ ಎಂಟು ತಿಂಗಳಾಗಿತ್ತು. ಊರಿನ ನಾಲ್ಕಾರು ಹಿರಿಯರ ಸಮಿತಿ ನಡೆಸುತ್ತಿದ್ದ ಶಾಲೆ ಅದು. ನಾನು ಸೇರುವ ಹೊತ್ತಿಗಾಗಲೇ ಈ ಅಜ್ಜಿ ಅಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ನೀರು ಕೊಡುತ್ತಿದ್ದಳು. ಬೆಳಿಗ್ಗೆ ಬಾವಿಯಿಂದ ಸೇದಿ ಜಗಲಿಯ ಮಣ್ಣಿನ ಗುಡಾಣ ತುಂಬುವುದು, ಇಡೀ ದಿನ ಅದರ ಪಕ್ಕ ಕೂತು ಮಕ್ಕಳಿಗೆ ನೀರು ಹಾಕುವುದು, ಇಷ್ಟೇ ಆಕೆಯ ಕೆಲಸ. ಮಕ್ಕಳು ನೀರಜ್ಜಿ ಅಂತ ಕೂಗುತ್ತಿದ್ದರು, ನಾವೂ ಅಷ್ಟೇ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಒಂದೇ ಒಂದು ಕಂದು ಬಣ್ಣದ ಸೀರೆ. ಮಡಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ನಮ್ಮ ಯಾರ ಮನೆಯ ನೀರನ್ನೂ ಆಕೆ ಮುಟ್ಟುತ್ತಿರಲಿಲ್ಲ.

ಆಕೆಯ ಜೊತೆ ಮಾತಾಡುವುದೆಂದರೆ ನನಗೆ ತಲೆನೋವು. ಏನು ಕೇಳಿದರೂ ಅದಕ್ಕೊಂದು ತಿರುಗುಪ್ರಶ್ನೆ. ಗಂಟೆ ಎಷ್ಟಾಯ್ತಜ್ಜಿ ಎಂದರೆ, "ಯಾಕೆ, ಎಲ್ಲಿಗೋಗ್ಬೇಕಿತ್ತು?" ಗುಡಾಣ ತೊಳೆದೆಯಾ ಎಂದರೆ, "ತೊಳೀದೆ ಇದ್ರೆ ನೀನು ತೊಳೀತೀಯಾ?" ಎರಡನೇ ಸಲ ನೀರು ಕೇಳಿದ ಮಗುವಿಗೆ, "ಒಟ್ಟೇಲೇನು ಕೆರೆ ಕಟ್ಟಿದೀಯಾ?" ಎಂದು ಗದರುತ್ತಿದ್ದಳು. ಗದರಿ, ನೀರು ಹಾಕುತ್ತಿದ್ದಳು.

ನೀರು ಕೊಡುವುದಕ್ಕೆ ಅಲ್ಲೊಂದು ಏರ್ಪಾಡಿತ್ತು. ಅಗ್ರಹಾರದ ಹುಡುಗಿಯರಿಗೆ ಒಳಗಿನ ಕೋಣೆಯಲ್ಲಿ ಬೇರೆ ಕೊಡ, ಬೇರೆ ಚೊಂಬು. ಅದನ್ನು ಅಜ್ಜಿಯೂ ಮುಟ್ಟುವ ಹಾಗಿಲ್ಲ, ಅವರಲ್ಲೇ ಮೇಲಿನ ತರಗತಿಯವಳೊಬ್ಬಳು ನೋಡಿಕೊಳ್ಳುತ್ತಿದ್ದಳು. ಜಗಲಿಯ ಗುಡಾಣ ಮತ್ತು ಅದರ ಮೇಲಿನ ಎರಡು ಹಿತ್ತಾಳೆ ಲೋಟ ಉಳಿದೆಲ್ಲ ಮಕ್ಕಳಿಗೆ. ಉಳಿದೆಲ್ಲ ಎಂದೆನಲ್ಲ, ಅದೂ ಸುಳ್ಳು. ಊರಾಚೆಯ ಕೇರಿಯಿಂದ ಅಕ್ಕತಂಗಿಯರಿಬ್ಬರು ಬರುತ್ತಿದ್ದರು. ದೊಡ್ಡವಳಿಗೆ ಹತ್ತು, ಚಿಕ್ಕವಳಿಗೆ ಏಳೋ ಎಂಟೋ. ಅವರಿಗೆ ಲೋಟವಿಲ್ಲ. ಜಗಲಿಯ ಕೊನೆಯಲ್ಲಿ, ಅಂಗಳದಲ್ಲಿ ನಿಂತು ಬೊಗಸೆ ಒಡ್ಡಬೇಕು. ಅಜ್ಜಿ ಕರಟದ ಸೌಟಿನಿಂದ ಮೇಲಿನಿಂದ ಹುಯ್ಯುತ್ತಿದ್ದಳು. ಅರ್ಧ ನೀರು ಮೊಣಕೈಯಿಂದ ಇಳಿದು ಲಂಗ ತೊಯ್ದುಹೋಗುತ್ತಿತ್ತು. ದೊಡ್ಡ ಹುಡುಗಿ ಅದಕ್ಕೇ ನೀರು ಕುಡಿಯುವಾಗ ಬಗ್ಗಿ, ಕೈ ಮುಂದೆ ಚಾಚಿ ನಿಲ್ಲುವುದನ್ನು ಕಲಿತುಕೊಂಡಿದ್ದಳು. ನನಗೆ ಇದನ್ನು ದಿನವೂ ನೋಡಿ ನೋಡಿ ಮೈ ಉರಿಯುತ್ತಿತ್ತು.

ಆಗಸ್ಟ್ ಹದಿನೈದಕ್ಕೆ ಸ್ವಾತಂತ್ರ್ಯ ಬರುತ್ತದೆಂದು ಖಚಿತವಾದಾಗ ಊರಿನ ಶಾಲೆಗಳೆಲ್ಲ ನಮ್ಮ ಅಂಗಳದಲ್ಲಿ ಸೇರಬೇಕೆಂದು ತೀರ್ಮಾನವಾಯಿತು. ನಮ್ಮ ಹೆಡ್‌ಮಿಸ್ಟ್ರೆಸ್ ಅಗ್ರಹಾರದವರು. ಒಳ್ಳೆಯವರೇ, ಆದರೆ ಯಾವುದಕ್ಕೂ ಹೂಂ ಎನ್ನುವವರಲ್ಲ, ಊಹೂಂ ಎನ್ನುವವರೂ ಅಲ್ಲ. ಸಿಹಿ ಹಂಚುವುದು ಮತ್ತು ನೀರಿನ ವ್ಯವಸ್ಥೆ ನನ್ನ ಪಾಲಿಗೆ ಬಂತು. ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಅದಲ್ಲದೆ ಬೇಯಿಸಿದ್ದು ಯಾರು ಮಾಡಿದರೂ ಇನ್ನೊಬ್ಬರು ತಿನ್ನುವುದಿಲ್ಲ. ಕೊನೆಗೆ ಒಲೆಯೇ ಹಚ್ಚದ ಕೊಬ್ಬರಿ-ಬೆಲ್ಲಕ್ಕೆ ಎಲ್ಲರೂ ಒಪ್ಪಿದರು. ಆಗ ನನಗೊಂದು ಹುಮ್ಮಸ್ಸು ಬಂತು. ಕೊಬ್ಬರಿ ಎಲ್ಲರೂ ತಿನ್ನುತ್ತಾರೆಂದಮೇಲೆ ನೀರನ್ನೂ ಅವತ್ತೊಂದು ದಿನ ಹೊಸದಾಗಿ ತರಿಸಿದ ಒಂದೇ ಗುಡಾಣದಿಂದ, ಒಂದೇ ಥರದ ಲೋಟದಲ್ಲಿ, ಒಂದೇ ಸಾಲಿನಲ್ಲಿ ಕೊಡಬೇಕು. ಆ ಅಕ್ಕತಂಗಿಯರೂ ಲೋಟದಲ್ಲಿ ಕುಡಿಯಬೇಕು. ಹೆಡ್‌ಮಿಸ್ಟ್ರೆಸ್‌ಗೆ ಹೇಳಿದೆ. "ನೋಡಮ್ಮಾ, ನೀನುಂಟು ನಿನ್ನ ನೀರುಂಟು" ಎಂದು ತಲೆಗೆ ಅಮೃತಾಂಜನ ಹಚ್ಚಿಕೊಂಡರು.

ಅಜ್ಜಿಗೆ ಹೇಳಿದ್ದು ಅದಕ್ಕಿಂತ ಕಷ್ಟವಾಯಿತು.

"ಸ್ವತಂತ್ರ ಬತ್ತದೆ ಅಂತೀಯಲ್ಲ, ಯಾವ್ ಬಸ್ಸಿಗೆ?" ಎಂದಳು ಮೊದಲು. ಹಾಸನದ ಬಸ್ಸು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ, ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ತಮಾಷೆಯೋ ನಿಜವೋ ಗೊತ್ತಾಗದ ಮುಖ. ನಾನು ತಾಳ್ಮೆಯಿಂದ ವಿವರಿಸಿದೆ. ಬ್ರಿಟಿಷರು ಹೋಗುತ್ತಾರೆ ಎಂದೆ.

"ಮಾರಾಜ್ರು?"

"ಅವರು ಇರ್ತಾರೆ."

"ಈ ಸಮಿತಿಯೋರು?"

"ಇರ್ತಾರೆ."

"ನಾನು?"

"ನೀನೂ ಇರ್ತೀಯಜ್ಜಿ."

"ಮತ್ತೆ ಓಗೋರ್ಯಾರು? ಒಬ್ರೂ ಓಗ್ದೆ ಇದ್ರೆ ಇದೇನ್ ಅಬ್ಬ?"

ಆಮೇಲೆ ಪಂಚಾಂಗದ ಮಾತು ತೆಗೆದಳು. ಅಧಿಕ ಮಾಸವಂತೆ, ಹದಿನೈದರ ಮಾರನೆಯ ದಿನ ಅಮಾವಾಸ್ಯೆಯಂತೆ. "ಇಂಥಾ ದಿವ್ಸ ಯಾರಾರ ಒಳ್ಳೆ ಕೆಲ್ಸ ಮಾಡ್ತಾರಾ? ವಸಿ ಮುಂದಿನ ವಾರ ಇಕ್ಕಳಿ ಅಂತ ದೊಡ್ಡೋರಿಗೆ ಬರಿ." ದಿಲ್ಲಿಗೆ ಕಾಗದ ಬರೆಯಬೇಕಂತೆ ನಾನು! ಅದು ಮುಗಿದಮೇಲೆ ಲೋಟದ ತಕರಾರು. ಅಷ್ಟು ಲೋಟ ಎಲ್ಲಿಂದ ಬರುತ್ತದೆ, ಯಾರು ತೊಳೆಯುತ್ತಾರೆ, ಕಳೆದರೆ ಯಾರು ಹೊಣೆ. ನಾನು ಬಿಡಲಿಲ್ಲ. ಕೊಬ್ಬರಿ ಮಂಡಿಯ ಸಾವ್ಕಾರರ ಮನೆಗೆ ಹೋಗಿ, ಸಾವ್ಕಾರರ ಹೆಂಡತಿಯನ್ನು ಕೇಳಿ ಎರಡು ಡಜನ್ ಲೋಟ ತಂದೆ. ಎಲ್ಲದರ ಮೇಲೂ ಅವರ ಮನೆತನದ ಹೆಸರಿನ ಅಕ್ಷರ ಕೆತ್ತಿತ್ತು. ಅಜ್ಜಿ ಒಂದೊಂದನ್ನೂ ತಿರುಗಿಸಿ ನೋಡಿದಳು.

"ಯಾರ್ಯಾರು ಕುಡೀತಾರೆ ಅಂತ ಸಾವ್ಕಾರ್ರಮ್ಮಂಗೆ ಯೋಳಿದ್ಯಾ?"

"ಮಕ್ಕಳಿಗೆ ಅಂದೆ."

"ಯಾವ್ ಮಕ್ಕಳು ಅಂದ್ಯಾ?"

ನಾನು ಲೋಟಗಳನ್ನು ಆಕೆಯ ಕೈಯಿಂದ ತೆಗೆದುಕೊಂಡು ಕೋಣೆಯಲ್ಲಿ ಜೋಡಿಸಿಟ್ಟೆ. ಆಕೆಯ ಜೊತೆ ಮಾತಾಡಿ ನನಗೆ ಸಾಕಾಗಿಹೋಗಿತ್ತು. ಇಪ್ಪತ್ತು ವರ್ಷ ಮೇಲಿನಿಂದ ನೀರು ಹುಯ್ದ ಕೈ, ಅದಕ್ಕೆ ಬೇರೆ ಥರ ಬರುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಹದಿನೈದನೇ ತಾರೀಖು ಶುಕ್ರವಾರ. ಬೆಳಗಿನಿಂದ ಜಿಟಿಜಿಟಿ ಮಳೆ, ಒಂಬತ್ತಕ್ಕೆ ಬಿಟ್ಟಿತು. ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಹುಡುಗರು ಬಾವುಟ ಹಿಡಿದು ಊರೆಲ್ಲ ಸುತ್ತಿ, ಜೈ ಎಂದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದರು. ಹಾಸನದಿಂದ ಒಬ್ಬ ದೊಡ್ಡ ಸಾಹೇಬರು ಅತಿಥಿಯಾಗಿ ಬಂದಿದ್ದರು. ಜರಿಪೇಟ, ಮುಚ್ಚಿದ ಕೊರಳಿನ ಕೋಟು. ಬಾವುಟ ಏರಿತು. ಸಾಹೇಬರು ಇನ್ನು ಎಲ್ಲರೂ ಒಂದೇ ಎಂದು ಮುಕ್ಕಾಲು ಗಂಟೆ ಮಾತಾಡಿದರು. ನಾನೂ ಐದು ನಿಮಿಷ ಮಾತಾಡಿದೆ. ಇವತ್ತಿನಿಂದ ಮೇಲು ಕೀಳು ಎಂಬುದಿಲ್ಲ, ಎಲ್ಲರೂ ಒಂದೇ ಎಂದು ನನ್ನ ಧ್ವನಿ ನಡುಗುವವರೆಗೂ ಹೇಳಿದೆ. ಚಪ್ಪಾಳೆ ಬಿತ್ತು. ಆಮೇಲೆ ಮುತ್ತುಗದ ಎಲೆಯಲ್ಲಿ ಕೊಬ್ಬರಿ-ಬೆಲ್ಲ ಹಂಚಿದೆವು. ಉರ್ದು ಶಾಲೆಯ ಮಕ್ಕಳು ಕೈ ಚಾಚಲಿಲ್ಲ. ತಗೊಳ್ರೋ ಎಂದು ನಾನು ಒಬ್ಬನನ್ನು ಜೋರುಮಾಡಿದೆ. ರಂಜಾನಿನ ಕೊನೆಯ ಶುಕ್ರವಾರ, ಅರ್ಧಕ್ಕರ್ಧ ಮಕ್ಕಳು ರೋಜಾ ಇದ್ದರು. ಅವರ ಮೇಷ್ಟ್ರು ಎರಡು ದಿನ ಮೊದಲೇ ಹೇಳಿದ್ದರು, ನಾನು ಮರೆತಿದ್ದೆ. ಅಜ್ಜಿ ಮರೆತಿರಲಿಲ್ಲ. ಸಂಜೆ ತಿನ್ನಲೆಂದು ಅವರ ಪಾಲನ್ನು ಎಲೆಯಲ್ಲಿ ಮಡಿಸಿ, ದಾರ ಕಟ್ಟಿ ಬೇರೆಯೇ ಇಟ್ಟಿದ್ದಳು. ಇದಕ್ಕೂ ನನಗೆ ಸಿಟ್ಟೇ ಬಂತು, ಒಂದು ಮಾತು ನೆನಪಿಸಬಾರದಿತ್ತೇ ಎಂದು.

ಬೆಲ್ಲ ತಿಂದಮೇಲೆ ಬಾಯಾರಿಕೆ. ಕೂಗಿ ಒಣಗಿದ ಗಂಟಲುಗಳು, ನೂರಾರು ಮಕ್ಕಳು. ಲೋಟ ತರಲು ಕೋಣೆಗೆ ಹೋದೆ. ಲೋಟಗಳಿಲ್ಲ! ಎರಡು ಡಜನ್ನೂ ಇಲ್ಲ. ಗುಡಾಣದ ಮೇಲಿನ ಆ ಎರಡೂ ಇಲ್ಲ. ಒಳಗಿನ ಕೋಣೆಯ ಚೊಂಬೂ ಮಾಯ. ಜಗಲಿಗೆ ಓಡಿ ಬಂದರೆ, ಅಜ್ಜಿ ಹಸಿಮಣ್ಣಿನ ವಾಸನೆಯ ಆ ಹೊಸ ಗುಡಾಣದ ಪಕ್ಕ ಕರಟದ ಸೌಟು ಹಿಡಿದು ನಿಂತಿದ್ದಾಳೆ. "ಬೊಗ್ಸೆ ಒಡ್ಕಂಡು ಬನ್ನಿ, ಒಬ್ಬೊಬ್ರೇ. ನೂಕ್ಬ್ಯಾಡಿ!"

"ಲೋಟ ಎಲ್ಲಜ್ಜಿ?"

"ಇಷ್ಟೊಂದ್ ಜನಕ್ಕೆ ಲೋಟ ತೊಳ್ಕಂಡು ಕೂರಾಕಾಯ್ತದಾ?"

"ಎಲ್ಲಿಟ್ಟಿದ್ದೀಯ ಹೇಳು!"

"ಬಾವೀಲವೆ."

ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ತುಂಬಿ ಬಾವಿಗೆ ಇಳಿಬಿಟ್ಟಿದ್ದಳು! ಸಾವ್ಕಾರರ ಮನೆಯ ಲೋಟ!

ಅಷ್ಟರಲ್ಲಿ ಸಾಲು ಶುರುವಾಗಿತ್ತು. ಪಟೇಲರ ಮಗಳು, ಮಂಡಿ ಸಾವ್ಕಾರರ ಮೊಮ್ಮಗಳು, ರೋಜಾ ಇಲ್ಲದ ಉರ್ದು ಶಾಲೆಯ ಚಿಕ್ಕ ಮಕ್ಕಳು, ಎಲ್ಲರೂ ಬೊಗಸೆ ಒಡ್ಡುತ್ತಿದ್ದರು, ಮೊಣಕೈಯಿಂದ ನೀರಿಳಿಸಿಕೊಂಡು ನಗುತ್ತಿದ್ದರು. ಅಗ್ರಹಾರದ ನಾಲ್ವರು ಮನೆಗೆ ಓಡಿದರು. ಉಳಿದವರು ಒಂದು ಗಳಿಗೆ ಮುಖ ಮುಖ ನೋಡಿಕೊಂಡು, ಬಾಯಾರಿಕೆ ತಡೆಯಲಾರದೆ ಅವರೂ ಬಂದು ನಿಂತರು. ಕೇರಿಯ ಅಕ್ಕತಂಗಿಯರು ಅಭ್ಯಾಸದಂತೆ ಜಗಲಿಯ ಕೊನೆಗೆ ಹೋಗಿ ಅಂಗಳದಲ್ಲಿ ನಿಂತಿದ್ದರು. ಅಜ್ಜಿ ಅವರ ಮೇಲೂ ಹರಿಹಾಯ್ದಳು. "ಅಲ್ಲ್ಯಾಕ್ ನಿಂತ್ಕಂಡ್ರಿ? ಸಾಲ್ ಕಾಣಕಿಲ್ವಾ? ಬನ್ನಿ ಇತ್ಲಾಗೆ!" ಅವರು ಬಂದು ಪಟೇಲರ ಮಗಳ ಗೆಳತಿಯರ ಹಿಂದೆ ಸೇರಿಕೊಂಡರು. ಎಲ್ಲರಿಗಿಂತ ಚೆನ್ನಾಗಿ, ಒಂದು ಹನಿಯೂ ಲಂಗಕ್ಕೆ ಬೀಳದಂತೆ ಕುಡಿದವಳು ಆ ದೊಡ್ಡ ಹುಡುಗಿ. ಕೈ ಹೇಗೆ ಚಾಚಬೇಕೆಂದು ಪಕ್ಕದವಳಿಗೆ ತೋರಿಸಿಕೊಡುತ್ತಿದ್ದಳು.

ಇದನ್ನೆಲ್ಲ ನಾನು ನೋಡಿದೆ. ಆದರೆ ನೋಡಿದ್ದು ತಲೆಗೆ ಹೋಗಲಿಲ್ಲ. ಯಾಕೆಂದರೆ ಆಗಲೇ ಸಾಹೇಬರು ನೀರು ಕೇಳಿಕೊಂಡು ಜಗಲಿಗೆ ಬಂದಿದ್ದರು. ಮುಕ್ಕಾಲು ಗಂಟೆ ಭಾಷಣ ಮಾಡಿದ ಗಂಟಲು. ಸಮಿತಿಯವರು ಹಿಂದೆಯೇ ಇದ್ದರು. ಸಾಹೇಬರಿಗೆ ಒಂದು ಲೋಟ ತಾರಮ್ಮಾ ಎಂದು ನನ್ನ ಕಡೆ ನೋಡಿದರು. ಅಜ್ಜಿ ಸೌಟು ಎತ್ತಿ ಹಿಡಿದಳು.

"ಲೋಟ ಇಲ್ಲ ಬುದ್ಧಿ. ಸಾಯೇಬ್ರು ಬೊಗ್ಸೆ ಒಡ್ಲಿ."

ಅಂಗಳದಲ್ಲಿದ್ದ ಮಕ್ಕಳೆಲ್ಲ ಇವರನ್ನೇ ನೋಡುತ್ತಿದ್ದರು. ಎಲ್ಲರೂ ಒಂದೇ ಎಂದು ಆಗತಾನೆ ಹೇಳಿ ಇಳಿದ ಮನುಷ್ಯ ಬೇರೇನು ಮಾಡಿಯಾರು? ಸಾಹೇಬರು ಬಗ್ಗಿ ಬೊಗಸೆ ಒಡ್ಡಿದರು. ನೀರು ಕೋಟಿನ ತೋಳಿನೊಳಕ್ಕೆ ಇಳಿಯಿತು, ಕೆಮ್ಮು ಬಂತು, ಪೇಟ ವಾರೆಯಾಯಿತು. ಮಕ್ಕಳು ಕಿಸಕ್ಕನೆ ನಕ್ಕವು. ಸಾಹೇಬರ ಮುಖ ಕೆಂಪೇರಿತು. ಅಲ್ಲಿಂದಲೇ ಹೊರಟುಹೋದರು. ಸಾಲು ಇನ್ನೂ ನಡೆಯುತ್ತಿರುವಾಗಲೇ ನಾನು ಬಾವಿಗೆ ಓಡಿ, ಹುಡುಗರಿಂದ ಲೋಟದ ಬುಟ್ಟಿ ಎತ್ತಿಸಿದೆ.

ಮಾರನೆಯ ದಿನ ಸಮಿತಿಯವರು ಕೆಂಡವಾಗಿದ್ದರು. ಅತಿಥಿಗೆ ಅವಮಾನ, ಅಗ್ರಹಾರದವರಿಂದ ದೂರು, ಸಾವ್ಕಾರರ ಮನೆಯಿಂದ ದೂರು. ನೀರಿನ ಜವಾಬ್ದಾರಿ ಯಾರದು? ನನ್ನದು. ವರದಿ ಬರೆದುಕೊಡು ಎಂದರು. ನಾನು ಬರೆದೆ. ಯಾರ ಒತ್ತಾಯವೂ ಇರಲಿಲ್ಲ, ಅಂದಿನ ಸಿಟ್ಟೇ ಸಾಕಾಗಿತ್ತು. ಲೋಟದ ಏರ್ಪಾಡನ್ನು ನಾನು ಸರಿಯಾಗಿಯೇ ಮಾಡಿದ್ದೆ. ನೀರು ಕೊಡುವ ಹೆಂಗಸು ಹಠಮಾರಿ, ಹೇಳಿದ ಮಾತು ಕೇಳುವವಳಲ್ಲ, ಬೇಕೆಂದೇ ಲೋಟಗಳನ್ನು ಬಾವಿಗೆ ಇಳಿಬಿಟ್ಟು ಸಮಾರಂಭ ಕೆಡಿಸಿದಳು. ನೀಟಾದ ಅಕ್ಷರ, ಕೆಳಗೆ ನನ್ನ ರುಜು. ಬರೆದಮೇಲೆ ಮನಸ್ಸು ಹಗುರವೂ ಆಯಿತು, ಸುಳ್ಳೇಕೆ ಹೇಳಲಿ.

ಹತ್ತು ದಿನದ ಮೇಲೆ ಅಜ್ಜಿಗೆ ಸಮಿತಿಯಿಂದ ಒಂದು ಕಾಗದ ಬಂತು. ಆಕೆಗೆ ಓದು ಬಾರದು. ಶಾಲೆಯಲ್ಲಿ ಓದಿ ಹೇಳಲು ಇನ್ನೂ ಆರು ಜನ ಟೀಚರುಗಳಿದ್ದರು. ಆದರೆ ಕಾಗದ ಹಿಡಿದು ನೇರವಾಗಿ ನನ್ನ ಹತ್ತಿರವೇ ಬಂದಳು.

"ಏನ್ ಬರ್ದವ್ರೆ, ವಸಿ ಓದವ್ವ."

ಓದಿದೆ. ಕೆಲಸದಿಂದ ತೆಗೆದಿದ್ದರು. ಕಾರಣ ಎಂದು ನನ್ನ ವರದಿಯನ್ನು ಅಕ್ಷರ ಅಕ್ಷರವಾಗಿ ಇಳಿಸಿದ್ದರು. ನಡುವೆ ಬೇರೆ ಏನಾದರೂ ಓದಿಬಿಡಲೇ ಎನ್ನಿಸಿತು, ಅದಕ್ಕೂ ಧೈರ್ಯ ಬರಲಿಲ್ಲ.

"ಇದ್ನ ಯೋಳ್ದೋರ್ಯಾರು?"

"ನಾನೇ ಅಜ್ಜಿ."

"ಊಂ." ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ದಿಟ್ವಾಗೇ ಬರ್ದಿದೀಯ. ಅಟ ನಂದೇಯ."

ನನಗೆ ತಡೆಯಲಾಗಲಿಲ್ಲ. ಊರ ಮಾತು ಬಾಯಿಗೆ ಬಂದುಬಿಟ್ಟಿತು. "ಯಾಕಜ್ಜಿ ಅಂಗ್ ಮಾಡ್ದೆ? ಅವತ್ತೊಂದಿನ ಆ ಉಡ್ಗೀರು ಲೋಟ್ದಲ್ಲಿ ಕುಡುದ್ರೆ ನಿಂಗೇನ್ ಕಷ್ಟ?"

ಮೊದಲ ಬಾರಿಗೆ ಆಕೆ ತಿರುಗುಪ್ರಶ್ನೆ ಹಾಕಲಿಲ್ಲ. ಗುಡಾಣಕ್ಕೆ ಒರಗಿ ಕೂತು ಹೇಳಿದಳು. ಬಹಳ ವರ್ಷದ ಹಿಂದೆ ಇನ್ನೊಬ್ಬ ಮೇಷ್ಟ್ರು ನನ್ನ ಹಾಗೆಯೇ ಹುಮ್ಮಸ್ಸಿನಿಂದ ಕೇರಿಯ ಹುಡುಗಿಯೊಬ್ಬಳ ಕೈಗೆ ಲೋಟ ಕೊಟ್ಟಿದ್ದರಂತೆ. ಹುಡುಗಿ ಕುಡಿದಳು. ಸಂಜೆ ಲೋಟದ ಮನೆಯವರು ಬಂದು, ಮೈಲಿಗೆ ಕಳೆಯಬೇಕೆಂದು ಅದೇ ಅಂಗಳದಲ್ಲಿ ಸೌದೆ ಒಟ್ಟಿ ಲೋಟವನ್ನು ಬೆಂಕಿಗೆ ಹಾಕಿದರು. ಹುಡುಗಿ ನಿಂತು ನೋಡುತ್ತಿದ್ದಳು.

"ಉರಿ ಆರೋಗಂಟ ನೋಡ್ತಿತ್ತು ಕಣವ್ವ ಆ ಕೂಸು. ಆಮ್ಯಾಕೆ ಇಸ್ಕೂಲ್ ಕಡೀಕೆ ಬರ್ನೇ ಇಲ್ಲ. ನೀನು ಲೋಟ ಕೊಡೀಯೆ. ಕೊಟ್ಟಿದ್ ಲೋಟನ ಆಮ್ಯಾಕೆ ಬೆಂಕೀಗಾಕೋದ ತಡ್ಯಾಕೆ ನಿನ್ ಕೈಲಾಯ್ತದಾ? ಬೊಗ್ಸೆ ಆದ್ರೆ ಯಾರೂ ಸುಡಾಕಾಗಕಿಲ್ಲ."

ಈ ಒಂದು ಮಾತನ್ನು ಹದಿನೈದು ದಿನ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಈಕೆಯ ಗಂಟೇನು ಹೋಗುತ್ತಿತ್ತು? ಇವತ್ತಿಗೂ ನನಗೆ ಅದೇ ಸಿಟ್ಟು. ಬಸ್ಸು, ಪಂಚಾಂಗ, ಲೋಟ ತೊಳೆಯುವವರು ಯಾರು ಎಂಬ ಹರಟೆ, ಎಲ್ಲಕ್ಕೂ ನಾಲಿಗೆ ಇತ್ತು. ಇದಕ್ಕೆ ಮಾತ್ರ ಇರಲಿಲ್ಲ. ಹೇಳಿದ್ದರೆ ನಾನು ಕೇಳುತ್ತಿದ್ದೆನೇ? ಅದೂ ಅನುಮಾನವೇ ಅನ್ನಿ...

ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಸಮಿತಿಯ ಮುಂದೆ ಹೋಗಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಊರಲ್ಲಿ ಅಪ್ಪ ನನ್ನ ಕೆಲಸದ ಬಗ್ಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅಜ್ಜಿ ದುದ್ದದಲ್ಲಿದ್ದ ತಮ್ಮನ ಮನೆಗೆ ಹೊರಟುಹೋದಳು. ಹೊಸ ಹೆಂಗಸು ಬಂದಳು. ಒಳಗಿನ ಕೋಣೆಗೆ ಚೊಂಬು ಬಂತು, ಗುಡಾಣದ ಮೇಲಕ್ಕೆ ಎರಡು ಲೋಟ ಬಂದವು. ಒಂದು ದಿನ ಪಾಠ ಮಾಡುತ್ತಿದ್ದಾಗ ಕಿಟಕಿಯಿಂದ ಕಂಡೆ: ಆ ದೊಡ್ಡ ಹುಡುಗಿ ಸಾಲಿಗೆ ಬಂದು ನಿಂತಳು, ಹೊಸ ಹೆಂಗಸು ಏನೋ ಹೇಳಿದಳು, ಹುಡುಗಿ ತಂಗಿಯ ಕೈ ಹಿಡಿದುಕೊಂಡು ಜಗಲಿಯ ಕೊನೆಗೆ ಹೋಗಿ ಅಂಗಳಕ್ಕೆ ಇಳಿದಳು. ನಾನು ಕಪ್ಪುಹಲಗೆಯ ಕಡೆಗೆ ತಿರುಗಿ ಲೆಕ್ಕ ಮುಂದುವರಿಸಿದೆ.

ಆಮೇಲೆ ಚನ್ನರಾಯಪಟ್ಟಣ, ಅಲ್ಲಿಂದ ಹಾಸನ. ಮದುವೆ, ಮಕ್ಕಳು, ನಿವೃತ್ತಿ. ಹಾಸನದಿಂದ ದುದ್ದ ಎಷ್ಟು ದೂರ? ಬಸ್ಸುಗಳಿಗೂ ಬರವಿರಲಿಲ್ಲ. ಇವತ್ತು ಹೋಗೋಣ, ಈ ರಜಕ್ಕೆ ಹೋಗೋಣ ಎಂದುಕೊಂಡೇ ಕಾಲ ಕಳೆದೆ. ಅಜ್ಜಿ ತೀರಿಕೊಂಡ ಸುದ್ದಿ ಬಂದದ್ದು ತೀರಿಕೊಂಡು ಎರಡು ವರ್ಷದ ಮೇಲೆ, ಮದುವೆಮನೆಯಲ್ಲಿ ಸಿಕ್ಕ ಯಾರೋ ಹೇಳಿದರು. ಎದುರಿಗೆ ಊಟದ ಎಲೆ ಇತ್ತು, ಅಳುವುದಕ್ಕೂ ಆಗಲಿಲ್ಲ.

ಸ್ವಾತಂತ್ರ್ಯ ಬಂದ ದಿನವನ್ನು ಕಂಡವರು ಈಗ ಕಡಿಮೆಯಾದ್ದರಿಂದ ನನಗೆ ಬೇಡಿಕೆ. ಪ್ರತಿ ಆಗಸ್ಟಿನಲ್ಲೂ ಯಾವುದೋ ಶಾಲೆಯವರು ಕಾರಿನಲ್ಲಿ ಕರೆದುಕೊಂಡು ಹೋಗಿ, ಶಾಲು ಹೊದಿಸಿ ಮಾತಾಡಿಸುತ್ತಾರೆ. ಮೆರವಣಿಗೆ, ಬಾವುಟ, ತುಂಬಿದ ಹೊಳೆ, ಇಷ್ಟನ್ನೇ ಹೇಳಿ ಬರುತ್ತಿದ್ದೆ. ಈ ವರ್ಷ, ಗಡಿಗೆಯ ವಾಸನೆ ಇನ್ನೂ ಮೂಗಿನಲ್ಲಿತ್ತೋ ಏನೋ, ಮೊದಲ ಸಲ ನೀರಜ್ಜಿಯ ಕಥೆ ಹೇಳಿದೆ. ವರದಿಯ ವಿಷಯವನ್ನು ಮಾತ್ರ ನುಂಗಿಕೊಂಡೆ. ಸಾಹೇಬರ ಪೇಟ ವಾರೆಯಾದದ್ದಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊನೆಯಲ್ಲಿ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಅಜ್ಜಿ, ನೀವೂ ಬೊಗಸೇಲಿ ಕುಡುದ್ರಾ?" ಎಂದು ಕೇಳಿದಳು.

"ಇಲ್ಲಮ್ಮ" ಎಂದೆ. "ನಾನಾಗ ಬಾವಿಯಿಂದ ಲೋಟ ಎತ್ತಿಸ್ತಿದ್ದೆ."